ಕೆಂಪು ದೀಪ ಹತ್ತದ ಆಸ್ಪತ್ರೆ

ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಯಾವ ರೋಗಿಯೂ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಇರುವುದಿಲ್ಲ. ಇದು ಆಶ್ವಾಸನೆಯಲ್ಲ, ನಡೆದುಕೊಂಡು ಬಂದಿರುವ ಸಂಗತಿ. ಪ್ರತಿ ಮಂಚದ ಮೇಲೂ ಒಂದು ದೀಪವಿದೆ. ರೋಗಿ ಮಲಗಿದಾಗ ಹಸಿರು, ಹೊತ್ತು ಸರಿದಂತೆ ಹಳದಿ, ನಾಲ್ಕು ಗಂಟೆ ತುಂಬಿದರೆ ಕೆಂಪು. "ದೀಪವು ಕೆಂಪಾಗುವ ಮೊದಲು ರೋಗಿಯು ವಿಭಾಗವನ್ನು ಬಿಟ್ಟಿರತಕ್ಕದ್ದು" ಎಂಬ ನಿಯಮವನ್ನು ಬರೆದವನು ಪ್ರಕಟಣಾ ಶಾಖೆಯ ನಾನೇ. ಗುಣವಾಗಿ ಬಿಡಬೇಕೋ, ಬಂದ ಹಾಗೇ ಬಿಡಬೇಕೋ ಎಂದು ಅದರಲ್ಲಿ ಹೇಳಿಲ್ಲ. ನಿಯಮ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ದೀಪಗಳನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿಯಿದ್ದಾರೆ. ಎಲ್ಲರೂ ಅವರನ್ನು ದೀಪದಣ್ಣ ಎನ್ನುತ್ತಾರೆ. ಅವರು ಸದಾ ತಲೆ ಎತ್ತಿಕೊಂಡೇ ಓಡಾಡುವುದರಿಂದ ರೋಗಿಗಳ ಮುಖ ಅವರಿಗೆ ಅಷ್ಟಾಗಿ ಪರಿಚಯವಿಲ್ಲ.

ಒಂದು ಬೆಳಿಗ್ಗೆ ವಯಸ್ಸಾದ ದರ್ಜಿಯೊಬ್ಬರನ್ನು ಅವರ ಹೆಂಡತಿ ಕರೆತಂದರು. ಹಿಂದಿನ ಸಂಜೆಯಿಂದ ದರ್ಜಿಗೆ ಮೂತ್ರ ಕಟ್ಟಿಕೊಂಡಿತ್ತು. ಕೆಳಹೊಟ್ಟೆ ಕಲ್ಲಾಗಿತ್ತು. ಕೂರಲಾರರು, ನಿಲ್ಲಲಾರರು. ಕಿರಿಯ ವೈದ್ಯೆ ಎರಡು ಸಲ ಪೈಪು ಹಾಕಲು ನೋಡಿದರು. ಅದು ಒಳಗೆ ಹೋಗಲಿಲ್ಲ.

"ಪ್ರಾಸ್ಟೇಟ್ ಊದಿ ದಾರಿ ಕಟ್ಟಿದೆ ಅಜ್ಜ. ಮೂತ್ರಾಂಗದ ಸರ್ ಬಂದ್ರೆ ಐದು ನಿಮಿಷದ ಕೆಲಸ. ತಡ ಆದ್ರೆ ಕಿಡ್ನಿಗೆ ಪೆಟ್ಟು ಬೀಳತ್ತೆ," ಎಂದರು.

ಮೂತ್ರಾಂಗದ ಡಾಕ್ಟರು ಆಪರೇಷನ್ ಕೊಠಡಿಯಲ್ಲಿದ್ದರು. ಮುಂಚೆಯೇ ದಿನ ಗೊತ್ತುಮಾಡಿಕೊಂಡು ಬಂದ ರೋಗಿಗಳಿಗೂ ಇಂತಿಷ್ಟು ವೇಳೆಯೆಂಬ ಗುರಿಯಿದೆ, ಆದ್ದರಿಂದ ಅಲ್ಲಿಯೂ ದೀಪವಿದೆ. ಕೈಯಲ್ಲಿದ್ದ ಕೆಲಸ ಮುಗಿಸಿ ಅವರು ಓಡಿಯೇ ಬಂದರು. ಅಷ್ಟರಲ್ಲಿ ನಾಲ್ಕು ಗಂಟೆ ತುಂಬುತ್ತ ಬಂದು, ದೀಪದಣ್ಣ ದರ್ಜಿಯನ್ನು ಗಾಲಿಕುರ್ಚಿಗೆ ಇಳಿಸಿ "ಮುನ್ನಡೆ ಕೊಠಡಿ"ಗೆ ಸಾಗಿಸಿ ಆಗಿತ್ತು. ಮೊದಲು ಅಲ್ಲಿ ಮುರಿದ ಮಂಚಗಳನ್ನು ಇಡುತ್ತಿದ್ದರು. ಬೋರ್ಡು ಬದಲಾದ ಮೇಲೆ ರೋಗಿಗಳನ್ನು ಇಡುತ್ತಿದ್ದಾರೆ. ಆ ಕೊಠಡಿಗೂ ತುರ್ತು ವಿಭಾಗಕ್ಕೂ ನಡುವೆ ನೆಲದ ಮೇಲೆ ಒಂದು ಹಳದಿ ಗೆರೆ. ಗೆರೆಯ ಆಚೆ ದರ್ಜಿ ನರಳುತ್ತಿದ್ದರು, ಈಚೆ ಡಾಕ್ಟರು ಪೈಪು, ಸಾಮಾನುಗಳ ಟ್ರೇ ಹಿಡಿದು ನಿಂತಿದ್ದರು.

"ಅಲ್ಲಪ್ಪಾ, ಡಾಕ್ಟ್ರು ಅಲ್ಲೇ ಕಾಣ್ತಿದ್ದಾರಲ್ಲ," ಎಂದರು ದರ್ಜಿಯ ಹೆಂಡತಿ.

"ಕಾಣ್ತಾರೆ ಅಮ್ಮ. ಅವರನ್ನ ಕರೆಸಿರೋದು ತುರ್ತು ರೋಗಿಗೆ. ನಿಮ್ಮನೆಯವರು ಗೆರೆ ದಾಟಿಬಿಟ್ರು, ಈಗ ಅವರು ತುರ್ತಲ್ಲ," ಎಂದರು ದೀಪದಣ್ಣ.

"ಹೊಟ್ಟೆ ಒಡೆದುಹೋಗೋ ಹಾಗಿದೆ ಅಂತಿದ್ದಾರೆ."

"ಅದು ನೋವು ಅಮ್ಮ. ತುರ್ತು ಬೇರೆ."

ಡಾಕ್ಟರಿಗೆ ರೇಗಿತು. "ನಾನೇ ಗೆರೆ ದಾಟ್ತೀನಿ, ಬಿಡ್ರಿ."

"ಧಾರಾಳವಾಗಿ ದಾಟಿ ಸರ್. ಟ್ರೇ ಮಾತ್ರ ಇಲ್ಲೇ ಇಟ್ಟು ಹೋಗಿ, ಅದು ತುರ್ತು ವಿಭಾಗದ್ದು."

ಬರಿಗೈಯಲ್ಲಿ ಆಗುವ ಕೆಲಸವಲ್ಲ ಅದು. ಇತ್ತ ಆಪರೇಷನ್ ಕೊಠಡಿಯ ದೀಪ ಹಳದಿಯಾಯಿತೆಂದು ಡಾಕ್ಟರಿಗೆ ಕರೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅವರು ಹೊರಟುಹೋದರು.

ಹಾಗೆಂದು ದೀಪದಣ್ಣ ಕಲ್ಲೆದೆಯವರೇನಲ್ಲ. ದಾರಿಯನ್ನು ಅವರೇ ಹೇಳಿಕೊಟ್ಟರು: "ಹಿಂಬಾಗಿಲಿಂದ ಹೊರಗೆ ಹೋಗಿ, ಕಟ್ಟಡ ಸುತ್ತಿ ಮುಂಬಾಗಿಲಿಂದ ಬನ್ನಿ ಅಮ್ಮ. ಹೊಸ ರೋಗಿ ಆಗ್ತೀರಿ. ನಾನೇ ಹಸಿರು ದೀಪ ಹಾಕ್ತೀನಿ." ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದು ಹೊರಗಿನವರು ಆಡಿಕೊಳ್ಳಬಹುದು. ಆದರೆ ಒಬ್ಬರೇ ಮೂರು ನಾಲ್ಕು ಜನರಾಗುವುದರಿಂದ ನಮ್ಮಲ್ಲಿ ಸೇವೆ ಪಡೆದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ.

ಅಂಗಳಕ್ಕೆ ಜಲ್ಲಿ ಹಾಕಿದೆ. ಹೆಂಡತಿ ಕುರ್ಚಿ ತಳ್ಳುತ್ತಿದ್ದರೆ ಒಂದೊಂದು ಕಲ್ಲಿಗೂ ದರ್ಜಿ ಹಲ್ಲು ಕಚ್ಚುತ್ತಿದ್ದರು. ಕಿಟಕಿಯಲ್ಲಿ ನಿಂತಿದ್ದ ನನಗೆ ಕರುಳು ಚುರ್ರೆಂದಿತು. ಒಳಗೆ ಹಸಿರು ದೀಪ ಹತ್ತಿದ ಮೇಲೆ ಸಮಾಧಾನವಾಯಿತು.

ಎರಡನೆಯ ಸಲವೂ ಡಾಕ್ಟರು ಬರುವಷ್ಟರಲ್ಲಿ ದೀಪ ಕೆಂಪಿನ ಹೊಸ್ತಿಲಿಗೆ ಬಂದಿತ್ತು. ದರ್ಜಿಯನ್ನು ಮತ್ತೆ ಹೊರಡಿಸಿದರು. ಈ ಬಾರಿ ಡಾಕ್ಟರು ಟ್ರೇ ಮುಟ್ಟಲಿಲ್ಲ. ತುದಿ ಬಾಗಿದ ಪೈಪೊಂದನ್ನೂ ಬೇಕಾದ ಸಾಮಾನನ್ನೂ ಕೋಟಿನ ಜೇಬಿಗೆ ತುರುಕಿಕೊಂಡು ಹಿಂಬಾಗಿಲಿಂದ ಓಡಿ, ನಡು ಅಂಗಳದಲ್ಲಿ ಅವರನ್ನು ಹಿಡಿದರು. ಅದು ಒಳಗೂ ಅಲ್ಲ, ಹೊರಗೂ ಅಲ್ಲ. ಗೆರೆಯಿಲ್ಲ, ದೀಪವಿಲ್ಲ. ನಿಂತಿದ್ದ ಆಂಬ್ಯುಲೆನ್ಸಿನ ಮರೆಯಲ್ಲಿ ಹೆಂಡತಿ ಹೊದಿಕೆಯನ್ನು ಅಡ್ಡ ಹಿಡಿದರು. ಐದು ನಿಮಿಷವೂ ಹಿಡಿಯಲಿಲ್ಲ. ಪೈಪಿಗೆ ಕಟ್ಟಿದ ಚೀಲ ತುಂಬಿತು, ಇನ್ನೊಂದು ತರಿಸಿದರು.

"ಹೋದ ಜೀವ ಬಂತು ಮಗಾ," ಎಂದು ದರ್ಜಿ ಡಾಕ್ಟರ ಕೈ ಹಿಡಿದುಕೊಂಡು ಅತ್ತರು.

ಜೀವ ಬಂತು, ಕಿಡ್ನಿ ಪೂರ್ತಿ ಬರಲಿಲ್ಲ. ತಡವಾಗಿತ್ತೆಂದು ರಕ್ತಪರೀಕ್ಷೆ ಹೇಳಿತು. ವಿಚಾರಣೆ ನಡೆಯಿತು. ತುರ್ತು ವಿಭಾಗಕ್ಕೆ ಆ ದಿನ ಇಬ್ಬರು ದರ್ಜಿಗಳು ಬಂದಿದ್ದು, ಇಬ್ಬರೂ ವೇಳೆಯೊಳಗೆ ಹೊರಟಿದ್ದಾರೆಂದು ಸಾಬೀತಾಯಿತು. ಕರ್ತವ್ಯದ ವೇಳೆಯಲ್ಲಿ ಅಂಗಳದಲ್ಲಿ ಕಂಡುಬಂದದ್ದಕ್ಕೆ ಡಾಕ್ಟರಿಗೆ ನೋಟೀಸು ಹೋಯಿತು. ಆದರೂ ಅಂಗಳದಲ್ಲಿ ಚಿಕಿತ್ಸೆ ಬೇಗ ಆಗುತ್ತದೆಂಬುದನ್ನು ಆಡಳಿತವು ಗಮನಿಸದೆ ಇರಲಿಲ್ಲ. ಮರುವಾರವೇ ನಾನು ಪ್ರಕಟಣೆ ಬರೆದೆ: "ಸಾರ್ವಜನಿಕರ ಅನುಕೂಲಕ್ಕಾಗಿ ಅಂಗಳ ಚಿಕಿತ್ಸಾ ಘಟಕವನ್ನು ತೆರೆಯಲಾಗಿದೆ. ಮಳೆ ಬಂದಲ್ಲಿ ರೋಗಿಗಳು ಸಹಕರಿಸತಕ್ಕದ್ದು."

ಅಲ್ಲಿಗೆ ಬೇಕಾದ ಪರದೆ ಹೊಲಿಯುವ ಕೆಲಸವನ್ನು ಆ ದರ್ಜಿಗೇ ಕೊಟ್ಟೆವು. ಎಷ್ಟು ಎತ್ತರ ಬೇಕೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಬಳಿಕ, ಬೇರೆ ವಿಭಾಗಗಳಿಗೆ ಅನ್ಯಾಯವಾಗಬಾರದೆಂದು ಅಂಗಳದಲ್ಲೂ ಕಂಬ ನೆಟ್ಟು ಒಂದು ದೀಪ ಹಾಕಿದೆವು. ಅದು ಕೆಂಪಾಗುವ ಮೊದಲು ರೋಗಿಯನ್ನು ಒಳಗೆ ಕಳಿಸಲಾಗುತ್ತದೆ.

ಮೊನ್ನೆ ದರ್ಜಿಗೆ ಹಾಕಿಯೇ ಮನೆಗೆ ಕಳಿಸಿದ್ದ ಪೈಪು ಕಟ್ಟಿಕೊಂಡು ಮತ್ತೆ ಹೊಟ್ಟೆ ಬಿಗಿಯಿತು. ಹೆಂಡತಿ ಯಾರನ್ನೂ ಕೇಳಲಿಲ್ಲ. ಕುರ್ಚಿಯನ್ನು ನೇರವಾಗಿ ಅಂಗಳಕ್ಕೆ ತಳ್ಳಿಕೊಂಡು ಬಂದು, ಗಂಡ ಹೊಲಿದ ಪರದೆಯ ಹಿಂದೆ ನಿಲ್ಲಿಸಿದರು. ಡಾಕ್ಟರಿಗೆ ಹೇಳಿ ಕಳಿಸಿದ್ದೇವೆಂದು ತಿಳಿಸಲು ನಾನೇ ಹೋದೆ. ದರ್ಜಿ ಕಣ್ಣು ಮುಚ್ಚಿ ಕುರ್ಚಿಯ ಹಿಡಿ ಹಿಡಿದುಕೊಂಡಿದ್ದರು.

"ದೀಪ ಯಾವ ಬಣ್ಣ ಇದೆ ನೋಡೇ," ಎಂದರು.

"ಹಸಿರಿದೆ ರೀ."

"ಹಾಗಾದ್ರೆ ಇನ್ನೂ ನೋವಾಗ್ತಿಲ್ಲ ಬಿಡು," ಎಂದು ಅವರು ಹಲ್ಲು ಕಚ್ಚಿಕೊಂಡು ಕುಳಿತರು.