ಪೆಟ್ಟಿಗೆಯ ಮೇಲೆ ಕೂತ ಡೈರೆಕ್ಟರ್

ಬೇರೆಯವರು ತಮಾಷೆ ಹುಡುಕಿಕೊಂಡು ಹೋಗಬೇಕು. ನಾನು ಬಾಗಿಲು ಹಾಕಿಕೊಂಡು ಕೂತರೂ ಅದು ಲಿಫ್ಟ್ ಹತ್ತಿ ಬಂದು ಬೆಲ್ ಒತ್ತುತ್ತದೆ. ನನ್ನ ಜಾತಕವೇ ಅಂಥದ್ದು ಮಾರಾಯ್ರೆ.

ಕುವೈತಿನ ಜಾಬ್ರಿಯಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ಸ್ಟೋರ್‌ಕೀಪರ್. ಹತ್ತಿ, ಸಿರಿಂಜು, ಗ್ಲೌಸು ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ಆದ್ದರಿಂದ ಕ್ಲಿನಿಕ್ ನಡೆಸುವವನು ನಾನೇ ಎಂದರೆ ಅದು ಜಂಭವಲ್ಲ, ವಸ್ತುಸ್ಥಿತಿ. ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ಇದನ್ನು ಒಪ್ಪುವುದಿಲ್ಲ. ದೊಡ್ಡವರಿಗೂ ಹೊಟ್ಟೆಕಿಚ್ಚು ಇರುತ್ತದೆ.

ನಮ್ಮ ಅರ್ಧ ಸಿಬ್ಬಂದಿ ಫಿಲಿಪೀನ್ಸಿನವರು. ಅದರಲ್ಲೂ ಒಂದೇ ಊರಿನವರು. ಗದ್ದೆ, ತೆಂಗು, ಒಂದು ಚರ್ಚು, ಒಂದು ಮುನ್ಸಿಪಲ್ ಕಟ್ಟಡ, ಒಂದು ಬಾಸ್ಕೆಟ್‌ಬಾಲ್ ಅಂಗಳ. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಭತ್ತ ಒಣಹಾಕುವುದರಿಂದ ಆಟ ಬಂದ್. ಅಲ್ಲಿಂದ ಮೊದಲು ಬಂದವಳು ನಮ್ಮ ಸ್ಟೆರಿಲೈಸೇಷನ್ ಕೋಣೆಯ ಹಿರಿಯಳು. ಅವಳನ್ನು ಎಲ್ಲರೂ ‘ಆತೆ’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅಕ್ಕ ಅಂತ. ಅವಳ ಬೆನ್ನಿಗೆ ತಂಗಿ, ತಂಗಿಯ ಬೆನ್ನಿಗೆ ನಾದಿನಿ, ಹೀಗೆ ಬರುತ್ತಲೇ ಇದ್ದರು. ನಮ್ಮ ಕಡೆಯ ಒಬ್ಬ ಬೊಂಬಾಯಿಯ ಹೋಟೆಲಿಗೆ ಸೇರಿದರೆ ಇಡೀ ಕೇರಿ ಹೋಗಿ ಸೇರುತ್ತಿರಲಿಲ್ಲವೇ, ಹಾಗೆ. ನನ್ನನ್ನು ಅವರು ‘ಕುಯಾ’ ಎನ್ನುತ್ತಾರೆ, ಅಣ್ಣ.

ಆ ಊರನ್ನು ನಾನು ನೋಡಿಲ್ಲ. ಆ ಊರು ನನ್ನನ್ನು ಚೆನ್ನಾಗಿ ನೋಡಿದೆ.

ಮೂತಿ

ಕೆಲಸಕ್ಕೆ ಸೇರಿದ ಹೊಸತು. ಒಬ್ಬ ನರ್ಸಮ್ಮನನ್ನು ಕೇಳಿದೆ, "ಬ್ಯಾಂಡೇಜಿನ ಡಬ್ಬ ಎಲ್ಲಿ ಉಂಟು?" ಅವಳು ಮಾತಾಡಲಿಲ್ಲ. ಎರಡೂ ತುಟಿ ಸೇರಿಸಿ, ಮೂತಿ ಮುಂದೆ ಮಾಡಿ, ಗಲ್ಲ ಸ್ವಲ್ಪ ಎತ್ತಿದಳು. ನನ್ನ ಎದೆ ಧಸಕ್ಕೆಂದಿತು. ಇನ್ನೊಬ್ಬಳನ್ನು ಕೇಳಿದೆ. ಅವಳೂ ಹಾಗೆಯೇ! ಈ ವಯಸ್ಸಿನಲ್ಲೂ ನನ್ನ ಮುಖದಲ್ಲಿ ಏನೋ ಉಂಟು ಎಂದುಕೊಂಡು, ಪ್ರಾಮಾಣಿಕ ಗಂಡನಾದ್ದರಿಂದ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿಬಿಟ್ಟೆ.

ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲೂ ಇಲ್ಲ. "ನಿಮ್ಮ ಹಿಂದೆ ಎಂತ ಇತ್ತು?"

"ಕಪಾಟು."

"ಅದರಲ್ಲಿ?"

"...ಬ್ಯಾಂಡೇಜು."

ಮರುದಿನ ಆತೆಯನ್ನು ಕೇಳಿ ತಿಳಿದುಕೊಂಡೆ: ಅವರ ಊರಿನಲ್ಲಿ ಬೆರಳು ತೋರಿಸುವುದಿಲ್ಲವಂತೆ, ಮೂತಿ ತೋರಿಸುತ್ತಾರಂತೆ. "ಅದೇ ಅಂದುಕೊಂಡೆ," ಎಂದಳು ನನ್ನವಳು, "ಈ ಮುಖಕ್ಕೆ ಯಾರು ಮಾರಾಯ್ರೆ ಮೂತಿ ಚಾಚುವುದು!"

ಬ್ಯಾನರು

ಆ ಊರಿನವರಿಗೆ ಏನು ನಡೆದರೂ ಬ್ಯಾನರು ಹಾಕಬೇಕು. ಹುಡುಗಿ ನರ್ಸಿಂಗ್ ಪಾಸಾದಳೇ? ಮನೆ ಗೇಟಿಗೆ ಆಳೆತ್ತರದ ಬ್ಯಾನರು. ಯಾರದೋ ಕೋಣ ಬಹುಮಾನ ಗೆದ್ದಿತೇ? ಕೋಣದ ಫೋಟೊ, ಯಜಮಾನನ ಫೋಟೊ, ಅಕ್ಕಪಕ್ಕ. ಒಮ್ಮೆ ಆತೆ ಅಂಥದ್ದೊಂದನ್ನು ಫೋನಿನಲ್ಲಿ ತೋರಿಸಿದಾಗ, "ಇವರಿಬ್ಬರಲ್ಲಿ ಗೆದ್ದವರು ಯಾರು?" ಎಂದು ಕೇಳಿದೆ. "ಯಜಮಾನನ ಹೆಂಡತಿಯೂ ಇದನ್ನೇ ಕೇಳಿದಳು ಕುಯಾ," ಎಂದಳು.

ಬ್ಯಾನರು ಮುದ್ರಿಸುವವನು ಆತೆಯ ತಮ್ಮನೇ. ಅವನು ಕಳಿಸಿದ ಫೋಟೊಗಳನ್ನೆಲ್ಲ ಆತೆ ಜೋಪಾನ ಮಾಡಿದ್ದಾಳೆ. ಅವಳ ಒಬ್ಬಳೇ ಮಗಳ ಚರ್ಚಿನ ಮೊದಲ ಕಮ್ಯುನಿಯನ್, ಶಾಲೆಯ ಪದಕ, ಕಾಲೇಜಿನ ಪದವಿ. ರಜೆಯಲ್ಲಿ ಹೋಗಿ ಬರುತ್ತಾಳೆ, ನಿಜ. ಆದರೆ ಮಗಳ ದೊಡ್ಡ ದಿನ ಯಾವುದೂ ಅವಳ ರಜೆಯೊಳಗೆ ಬೀಳಲಿಲ್ಲ. "ಎಲ್ಲರೂ ಮಗಳನ್ನು ತೊಟ್ಟಿಲಲ್ಲಿ ಬೆಳೆಸುತ್ತಾರೆ, ನಾನು ಬ್ಯಾನರಿನಲ್ಲಿ ಬೆಳೆಸಿದೆ," ಎಂದು ಅವಳೇ ನಗುತ್ತಾಳೆ. ಅವಳು ನಕ್ಕಳೆಂದು ನಾವೂ ನಗುತ್ತೇವೆ.

ಪೆಟ್ಟಿಗೆ

ಅವರ ಪ್ರತಿ ಮನೆಯ ಮೂಲೆಯಲ್ಲೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿರುತ್ತದೆ. ಸಾಬೂನು, ಚಾಕಲೇಟು, ಟವಲು, ಟಿನ್ನಿನ ಮೀನು, ಕೈಗೆ ಸಿಕ್ಕಿದ್ದನ್ನೆಲ್ಲ ತಿಂಗಳುಗಟ್ಟಲೆ ತುಂಬಿ ಊರಿಗೆ ಕಳಿಸುತ್ತಾರೆ. ಕೊನೆಗೆ ಪೆಟ್ಟಿಗೆಯ ಬಾಯಿ ಮುಚ್ಚುವುದಿಲ್ಲ. ಆಗ ಅಬು ಹಲೀಫಾದಲ್ಲಿರುವ ನಮ್ಮ ಮನೆಯ ಪಕ್ಕದ ಬಿಲ್ಡಿಂಗಿನಿಂದ ನನಗೆ ಕರೆ ಬರುತ್ತದೆ. ನಾನು ಹೋಗಿ ಪೆಟ್ಟಿಗೆಯ ಮೇಲೆ ಕೂರುತ್ತೇನೆ. ಅವರು ಸುತ್ತಲೂ ಟೇಪು ಎಳೆಯುತ್ತಾರೆ. ಸಣ್ಣ ಸೊಂಟದವರಿಂದ ಆಗುವ ಕೆಲಸ ಅಲ್ಲ ಅದು.

ಈ ಸಲ ಆತೆಯ ಪೆಟ್ಟಿಗೆ ವಿಶೇಷ. ಮಗಳ ಮದುವೆ. ಪೆಟ್ಟಿಗೆಯ ಜೊತೆ ಅವಳೂ ಹೋಗಬೇಕು. ಅವರಲ್ಲಿ ಅಪ್ಪ ಅಮ್ಮ ಇಬ್ಬರೂ ಎರಡು ಕಡೆ ಕೈ ಹಿಡಿದು ಮದುಮಗಳನ್ನು ಚರ್ಚಿನೊಳಗೆ ನಡೆಸಿಕೊಂಡು ಹೋಗುವುದು. ಅಪ್ಪ ತೀರಿಹೋಗಿದ್ದಾನೆ. ಅಮ್ಮನಿಗೆ ರಜೆ ಸಿಕ್ಕಿಲ್ಲ.

"ರಜೆಯೇ?" ಎಂದೆ ನಾನು, ಪೆಟ್ಟಿಗೆಯ ಮೇಲಿಂದಲೇ. "ಮುದೀರ್ ನನ್ನ ಜೇಬಿನಲ್ಲಿದ್ದಾರೆ. ನಾಳೆಯೇ ಆಯಿತೆಂದು ತಿಳಿ." ವಿಡಿಯೊ ಕಾಲಿನಲ್ಲಿದ್ದ ಅವಳ ತಮ್ಮನಿಗೂ ಭರವಸೆ ಕೊಟ್ಟೆ: "ಚಿಂತೆ ಬೇಡ ಭಾಯಿ, ಕ್ಲಿನಿಕ್ ನಡೆಸುವವನು ನಾನು."

ಮರುದಿನ ಮುದೀರರ ಕೋಣೆಗೆ ಹೋಗಿ "ಸರ್, ಆತೆಯ ರಜೆ..." ಎಂದೆ. "ಇದು ಇನ್‌ಸ್ಪೆಕ್ಷನ್ ತಿಂಗಳು. ಯಾರಿಗೂ ರಜೆ ಇಲ್ಲ. ಖಲಾಸ್. ಯಲ್ಲಾ, ಕೆಲಸ ನೋಡು," ಎಂದರು. ಹೊರಗೆ ಆತೆ ಕಾಯುತ್ತಿದ್ದಳು.

"ಏನಂದರು ಕುಯಾ?"

"ಯೋಚನೆ ಮಾಡುತ್ತಿದ್ದಾರೆ," ಎಂದೆ. ಜೇಬಿಗೆ ತೂತು ಬಿದ್ದಿದೆ ಎಂದು ಹೇಗೆ ಹೇಳುವುದು?

ಹಬ್ಬ

ಅಷ್ಟರಲ್ಲಿ ಅವರ ಊರ ಹಬ್ಬ ಬಂತು. ಊರು ಅಲ್ಲಿದ್ದರೆ ಏನು, ಹಬ್ಬ ಅಬು ಹಲೀಫಾದಲ್ಲಿ. ಅಲ್ಲಿ ಇಡೀ ಹಂದಿ ಸುಟ್ಟು ಬಾಯಿಗೆ ಸೇಬು ಇಡುತ್ತಾರಂತೆ. ಇಲ್ಲಿ ಹಂದಿ ಎಲ್ಲಿಂದ? ಕೋಳಿ ಸುಟ್ಟರು. ಸೇಬನ್ನು ಕೋಳಿಯ ಕೊಕ್ಕಿಗೆ ಸಿಕ್ಕಿಸಲು ಎಲ್ಲರೂ ಹೆಣಗಾಡಿ, ಕೊನೆಗೆ ಒಂದು ದ್ರಾಕ್ಷಿಗೆ ಒಪ್ಪಂದವಾಯಿತು.

ಹಬ್ಬದ ದಿನ ಅವರ ಬಾಗಿಲು ತೆರೆದೇ ಇರುತ್ತದೆ. ಬಂದವರು ಮೊದಲು ಉಣ್ಣಬೇಕು, ಆಮೇಲೆ ಬಂದ ವಿಷಯ. ವಾಚ್‌ಮನ್ ಉಂಡ. ಪಾರ್ಸೆಲ್ ತಂದವನು ಉಂಡ. ಫ್ಲ್ಯಾಟು ಕ್ಲಿನಿಕ್ಕಿನ ಹೆಸರಿನಲ್ಲಿದ್ದುದರಿಂದ ಹಾಡಿನ ಗದ್ದಲಕ್ಕೆ ಬಿಲ್ಡಿಂಗ್ ಯಜಮಾನ ಮುದೀರರಿಗೆ ಫೋನ್ ಮಾಡಿ ದೂರಿದ. ಮುದೀರ್ ಕಾರಿನ ಕೀ ತಿರುಗಿಸುತ್ತ ಕೆಂಪಗಾಗಿ ಬಂದರು. ಬಾಯಿ ತೆರೆದರು, ಅದರೊಳಗೆ ಆತೆ ಒಂದು ತುಂಡು ಕೋಳಿ ಇಟ್ಟಳು. ಶಾವಿಗೆ ಬಂತು, ಪಾಯಸ ಬಂತು, ಯಾರೋ ಕೈಗೆ ಮೈಕ್ ಕೊಟ್ಟರು. ಮುದೀರ್ ಕಣ್ಣು ಮುಚ್ಚಿ ತಮ್ಮ ಕಾಲದ ಒಂದು ಅರಬ್ಬಿ ಹಾಡು ಎತ್ತಿದರು. ಎರಡನೇ ಚರಣಕ್ಕೆ ಅವರದೇ ಫೋನ್ ಹೊಡೆದುಕೊಂಡಿತು. ಬಿಲ್ಡಿಂಗ್ ಯಜಮಾನ: "ಸ್ವಾಮಿ, ಮೊದಲಿನವರೇ ವಾಸಿ. ಈಗ ಅರಬ್ಬಿಯಲ್ಲಿ ಕಿರುಚುತ್ತಿದ್ದಾನಲ್ಲ, ಅವನನ್ನು ಮೊದಲು ಹೊರಗೆ ಹಾಕಿ!"

ಹೊರಡುವ ಮೊದಲು ಎಲ್ಲರದೂ ಒಂದು ಫೋಟೊ. ಕುರ್ಚಿ ಇಲ್ಲದ್ದರಿಂದ ನಾನು ನಡುವೆ ಪೆಟ್ಟಿಗೆಯ ಮೇಲೆ, ಮೊಣಕಾಲ ಮೇಲೆ ಕೈಯಿಟ್ಟು, ಮಹಾರಾಜನ ಹಾಗೆ. ಮುದೀರ್ ಹಿಂದೆ ಬಾಗಿಲ ಬಳಿ, ಒಂದು ಕೈಯಲ್ಲಿ ಬುತ್ತಿಯ ಪೊಟ್ಟಣ, ಇನ್ನೊಂದರಲ್ಲಿ ಕಾರಿನ ಕೀ.

ಆ ಕೀ ಮರೆಯಬೇಡಿ.

ಡೈರೆಕ್ಟರ್

ಆ ಫೋಟೊ ಆತೆಯ ತಮ್ಮನ ಕೈಗೂ ಹೋಯಿತು. ಆ ವಾರವೇ ಅವರ ಮುನ್ಸಿಪಲ್ ಕಟ್ಟಡದ ಎದುರು ಮದುವೆಯ ಬ್ಯಾನರು ಏರಿತು. ಒಂದು ಬದಿ ವಧೂವರರು. ಇನ್ನೊಂದು ಬದಿ ನಾನು, ಬಾಗಿಲಷ್ಟು ದೊಡ್ಡವನಾಗಿ, ಪೆಟ್ಟಿಗೆಯ ಮೇಲೆ. ಕೆಳಗೆ ‘ಕುವೈತ್ ಕ್ಲಿನಿಕ್ಕಿನ ಡೈರೆಕ್ಟರ್, ನಮ್ಮ ಗೌರವದ ಅತಿಥಿ’. ಮೂಲೆಯಲ್ಲಿ ಪುಟ್ಟದಾಗಿ ಮುದೀರ್, ಪೊಟ್ಟಣ ಮತ್ತು ಕೀ ಸಮೇತ. ಕೆಳಗೆ ‘ಡೈರೆಕ್ಟರ್ ಸಾಹೇಬರ ಡ್ರೈವರ್’.

ಆತೆ ಫೋನ್ ಹಿಡಿದುಕೊಂಡು ಸ್ಟೋರಿಗೆ ಓಡಿ ಬಂದಳು. "ರಜೆ ಹೋಯಿತು ಕುಯಾ. ಕೆಲಸವೂ ಹೋಯಿತು."

"ಮುದೀರ್ ನಿಮ್ಮ ಊರಿನ ಬ್ಯಾನರು ಎಲ್ಲಿ ನೋಡುತ್ತಾರೆ?" ಎಂದು ಧೈರ್ಯ ಹೇಳಿದೆ. ಅಷ್ಟು ಹೊತ್ತಿಗೆ ಅರ್ಧ ಕ್ಲಿನಿಕ್ ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಾಗಿತ್ತು. ಮಧ್ಯಾಹ್ನ ಇಬ್ಬರಿಗೂ ಕರೆ ಬಂತು.

ಮೇಜಿನ ಮೇಲೆ ಫೋನ್. "ಶಿನು ಹಾದಾ? ಏನಿದು?" ಎಂದರು ಮುದೀರ್. ಎರಡು ಬೆರಳಿನಲ್ಲಿ ತಮ್ಮನ್ನು ತಾವೇ ಹಿಗ್ಗಿಸಿ ನೋಡಿಕೊಂಡರು.

"ತಮ್ಮನಿಗೆ ಗೊತ್ತಾಗಲಿಲ್ಲ ಸರ್," ಎಂದಳು ಆತೆ, "ಕೈಯಲ್ಲಿ ಕೀ ಕಂಡಿತಲ್ಲ..."

"ಈ ಹುಡುಗಿ?"

"ನನ್ನ ಮಗಳು."

"ನೀನು ಹೋಗದಿದ್ದರೆ ಅವಳ ಜೊತೆ ನಡೆಯುವವರು ಯಾರು?"

"ಯಾರೂ ಇಲ್ಲ ಸರ್. ಒಬ್ಬಳೇ ನಡೆಯುತ್ತಾಳೆ."

ಮುದೀರ್ ಫೋನನ್ನು ಮೆಲ್ಲಗೆ ಅವಳ ಕಡೆ ತಳ್ಳಿದರು.

"ನನ್ನನ್ನು ಯಾಕೆ ಕೇಳುತ್ತೀ? ನಾನು ಡ್ರೈವರ್. ರಜೆ ಕೊಡುವವರು ಡೈರೆಕ್ಟರ್." ನನ್ನ ಕಡೆ ತಿರುಗಿದರು. "ಏನು ಸಾಹೇಬರೇ, ಕೊಡುತ್ತೀರೋ?"

ಜೀವಮಾನದಲ್ಲಿ ಮೊದಲ ಸಲ ನನ್ನ ನಾಲಿಗೆ ತೊದಲಿತು. "ಕೊ... ಕೊಟ್ಟಿದ್ದೇನೆ ಸರ್."

"ಖಲಾಸ್. ಅವಳ ಪಾಳಿ ಅವಳ ಊರಿನವರು ಹಂಚಿಕೊಳ್ಳಲಿ. ಅವಳ ಕೋಣೆಯ ಟ್ರೇ ಹೊರುವುದು ಡೈರೆಕ್ಟರ್."

ಟ್ರೇ ಹೊತ್ತ ಡೈರೆಕ್ಟರ್ ಇಡೀ ಗಲ್ಫಿನಲ್ಲಿ ನಾನೊಬ್ಬನೇ ಇರಬೇಕು.

ಹೊರಡುವ ದಿನ ಪೆಟ್ಟಿಗೆ ಇಳಿಸಿ ಟ್ಯಾಕ್ಸಿಗೆ ಕಾಯುತ್ತಿದ್ದೆವು. ಮುದೀರರ ಕಾರು ಬಂದು ನಿಂತಿತು. ಗಾಜು ಇಳಿಯಿತು. "ಡ್ರೈವರ್ ಬಂದಿದ್ದಾನೆ. ಡೈರೆಕ್ಟರ್ ಪೆಟ್ಟಿಗೆ ಎತ್ತಿ ಇಡಲಿ!"

ಮತ್ತೆ ಮೂತಿ

ಮದುವೆಯ ದಿನ ಸ್ಟೋರಿನ ಕಪಾಟಿಗೆ ಫೋನ್ ಒರಗಿಸಿ ಎಲ್ಲರೂ ಸುತ್ತ ನಿಂತೆವು. ಚರ್ಚಿನ ಬಾಗಿಲು ತೆರೆಯಿತು. ಬಿಳಿ ಉಡುಪಿನ ಹುಡುಗಿ, ಅವಳ ಪಕ್ಕದಲ್ಲಿ ಆತೆ. ಬ್ಯಾನರಿನ ಫೋಟೊ ಅಲ್ಲ, ಇಬ್ಬರೂ ನಿಜವಾಗಿ, ಕೈ ಕೈ ಹಿಡಿದು, ದಾರಿ ಬೇಗ ಮುಗಿದುಹೋದೀತೆಂಬಂತೆ ನಿಧಾನವಾಗಿ ನಡೆದು ಬಂದರು. ನರ್ಸಮ್ಮಂದಿರು ನನ್ನ ಸ್ಟೋರಿನ ಹತ್ತಿಯಿಂದಲೇ ಕಣ್ಣೊರಸಿಕೊಂಡರು. ಮುದೀರ್ ಕಪಾಟಿನ ಕಡೆ ಮುಖ ತಿರುಗಿಸಿ, "ಇಲ್ಲಿ ಧೂಳು ಜಾಸ್ತಿ," ಎಂದರು. ನನ್ನ ಸ್ಟೋರಿನಲ್ಲಿ ಧೂಳು! ಆ ದಿನ ಅದಕ್ಕೂ ಸುಮ್ಮನಿದ್ದೆ.

ಪೂಜೆ ಮುಗಿದ ಮೇಲೆ ಮದುಮಗಳು ಫೋನ್ ಎತ್ತಿಕೊಂಡಳು. ಅವರಲ್ಲಿ ಹಿರಿಯರ ಕೈಯನ್ನು ಹಣೆಗೆ ಮುಟ್ಟಿಸಿ ಆಶೀರ್ವಾದ ಪಡೆಯುವುದು. ಕೈ ಕಡಲಾಚೆ ಇದ್ದದ್ದರಿಂದ ಹಣೆಯನ್ನೇ ಪರದೆಗೆ ತಂದು, "ಅಮ್ಮನಿಗೆ ರಜೆ ಕೊಟ್ಟ ಡೈರೆಕ್ಟರ್ ಎಲ್ಲಿದ್ದಾರೆ?" ಎಂದಳು.

ಯಾರೂ ಬೆರಳೆತ್ತಲಿಲ್ಲ. ಇಡೀ ಕ್ಲಿನಿಕ್ ಒಟ್ಟಿಗೆ ನನ್ನ ಕಡೆ ಮೂತಿ ಚಾಚಿತು. ಎಲ್ಲಕ್ಕಿಂತ ಉದ್ದ ಮುದೀರರದು.

ಮನೆಗೆ ಹಾರಿಕೊಂಡೇ ಬಂದೆ. "ಕೇಳಿದೆಯಾ? ಇವತ್ತು ಇಡೀ ಕ್ಲಿನಿಕ್ ಈ ಮುಖಕ್ಕೆ ಮೂತಿ ಚಾಚಿತು!"

ಹೆಂಡತಿ ಕೈ ಒರಸಿಕೊಂಡಳು. ಹತ್ತಿರ ಬಂದಳು. ನನ್ನ ಮುಖವನ್ನೇ ಪ್ರೀತಿಯಿಂದ ನೋಡಿದಳು. ಎರಡೂ ತುಟಿ ಸೇರಿಸಿ, ಗಲ್ಲ ಎತ್ತಿ, ಮೆಲ್ಲಗೆ ಮೂತಿ ಚಾಚಿದಳು.

ನನ್ನ ಹಿಂದೆ ಸಿಂಕು. ಅದರ ತುಂಬ ಪಾತ್ರೆ.