ಮಾವನವರ ಕೈಯಲ್ಲಿರುವುದು

ಅಧಿಕಾರಿ: ಗುಂಡಿ ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ. ತಲೆ ಮೇಲೆ ಹಿಡೀಬಹುದು. ಇದು ಛತ್ರಿ ಅಲ್ಲದೆ ಮತ್ತೇನ್ರೀ?

ವ್ಯಾಪಾರಿ: ಗುಂಡಿ ಒತ್ತಿ ಅಂತ ನಿಮಗೆ ಯಾರು ಹೇಳಿದ್ರು ಸಾರ್? ಒತ್ತದೇ ಇದ್ರೆ ಊರುಗೋಲು.

(ಸುಂಕದ ಕಚೇರಿಯ ವಿಚಾರಣಾ ಕೊಠಡಿ. ಮೇಜಿನ ಮೇಲೆ ಒಂದು ಮಾದರಿ: ಬಾಗಿದ ಹಿಡಿ, ಕೆಳಗೆ ರಬ್ಬರ್ ಪಾದ, ನಡುವೆ ಸುತ್ತಿಟ್ಟ ಕಪ್ಪು ಬಟ್ಟೆ. ಇಂಥವೇ ಒಂದು ಕಂಟೇನರ್ ತುಂಬ ಬಂದರಿನಲ್ಲಿ ಬಿದ್ದಿವೆ. ಊರುಗೋಲಾದರೆ ಸುಂಕವಿಲ್ಲ. ಛತ್ರಿಯಾದರೆ ವ್ಯಾಪಾರಿ ಅಂಗಡಿ ಮಾರಿ ಕಟ್ಟಬೇಕು. ಪಕ್ಕದಲ್ಲಿ, ಸಾಕ್ಷಿ ಹೇಳಲು ಬಂದ ಅವನ ಮಾವ. ನಿವೃತ್ತ ಡ್ರಿಲ್ ಮೇಷ್ಟ್ರು. ಅಳಿಯ ಹಿಂದೊಮ್ಮೆ ತರಿಸಿಕೊಟ್ಟ ಅಂಥದ್ದೇ ಒಂದನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂತಿದ್ದಾರೆ.)

ಅಧಿಕಾರಿ: ನಮ್ಮ ಪ್ರಶ್ನೆ ಒಂದೇ. ಜನ ಇದನ್ನ ಮುಖ್ಯವಾಗಿ ಯಾತಕ್ಕೆ ಬಳಸ್ತಾರೆ?

ವ್ಯಾಪಾರಿ: ಊರಿಕೊಂಡು ನಡೆಯೋಕೆ. ನಮ್ಮ ಮಾವನವರನ್ನೇ ಕೇಳಿ. ಇದಿಲ್ಲದೆ ಒಂದು ಹೆಜ್ಜೆ ಕಿತ್ತಿಡಲ್ಲ.

ಮಾವ: ಯಾರು, ನಾನಾ?

ವ್ಯಾಪಾರಿ: ನೀವೇ ಮಾವ! ಮನೇಲಿ ಮಾತಾಡಿಕೊಂಡೇ ಬಂದ್ವಲ್ಲ.

ಮಾವ: ಮಂಡಿನೋವು ಅಂತ ಹೇಳಿ ಅಂದ್ರಿ, ಹೇಳೋಣ ಅಂತಲೇ ಬಂದೆ. ಇಲ್ಲಿ ನೋಡಿದ್ರೆ ಕೂತಿರೋನು ನನ್ನ ಶಿಷ್ಯ. ಇವನಿಗೆ ಮೈದಾನ ಸುತ್ತಿಸಿದವನು ನಾನು. ಇವನ ಮುಂದೆ ಮಂಡಿನೋವು ಅನ್ನಲಾ?

ಅಧಿಕಾರಿ: ಸುತ್ತಿಸಿದ್ರಿ ಮೇಷ್ಟ್ರೇ. ಹಾಗಾದ್ರೆ ಇದು ಯಾತಕ್ಕೆ?

ಮಾವ: ಬಿಸಿಲಿಗೆ. ಮಳೆ ಬಂದ್ರೆ ಮಳೆಗೆ. ಛತ್ರಿ ಕಣಯ್ಯ.

(ಅಧಿಕಾರಿ ಬರೆದುಕೊಂಡರು.)

ವ್ಯಾಪಾರಿ: ಬರೀಬೇಡಿ ಸಾರ್! ಮಾವ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಈಗ ಮೆಟ್ಟಿಲು ಹತ್ತುವಾಗ ಊರಿದ್ರಲ್ಲ?

ಮಾವ: ಮೆಟ್ಟಿಲು ಗಟ್ಟಿ ಇದೆಯಾ ಅಂತ ಕುಟ್ಟಿ ನೋಡಿದೆ.

ಅಧಿಕಾರಿ: ಒಂದು ಸಲ ಬಿಚ್ಚಿ ತೋರಿಸಿ ಮೇಷ್ಟ್ರೇ.

(ಮಾವ ಗುಂಡಿ ಒತ್ತಿದರು. ಇನ್ನೊಮ್ಮೆ ಒತ್ತಿದರು. ಅಳಿಯ ಒತ್ತಿದ. ಅಧಿಕಾರಿ ಎದ್ದು ಬಂದು ಎರಡೂ ಹೆಬ್ಬೆರಳು ಸೇರಿಸಿ ಒತ್ತಿದರು. ಒಳಗೆಲ್ಲ ತುಕ್ಕು.)

ಅಧಿಕಾರಿ: ಇದನ್ನ ಯಾವತ್ತೂ ಬಿಚ್ಚೇ ಇಲ್ವಾ?

ಮಾವ: ಇಲ್ಲ.

ಅಧಿಕಾರಿ: ಮಳೆ ಬಂದಾಗ?

ಮಾವ: ನೆನೆದೆ.

ಅಧಿಕಾರಿ: ಕೈಯಲ್ಲಿ ಛತ್ರಿ ಇಟ್ಕೊಂಡು?

ಮಾವ: ಮತ್ತೇನಯ್ಯ, ನಡುರಸ್ತೇಲಿ ಅದನ್ನ ತಲೆ ಮೇಲೆ ಹಿಡಿದ್ರೆ ಊರಿಕೊಳ್ಳೋದು ಏನನ್ನ?

(ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ ‘ಊರುಗೋಲು’ ಎಂದು ಬರೆದು ಸಹಿ ಮಾಡಿದರು. ಅಳಿಯ ಮಾವನ ಕಾಲಿಗೆ ಬೀಳುವುದೊಂದು ಬಾಕಿ.)

ಮಾವ: ಅವರ ಮಾಲಿಗೆ ಏನಾದ್ರೂ ಬರ್ಕೊ. ನನ್ನ ಕೈಲಿರೋದು ಮಾತ್ರ ಛತ್ರಿ ಅಂತ ಬೇರೆ ಬರಿ.

ಅಧಿಕಾರಿ: ಛತ್ರಿ ಅಂದ್ರೆ ಸುಂಕ ಬೀಳುತ್ತೆ ಮೇಷ್ಟ್ರೇ.

ಮಾವ: ಬೀಳಲಿ ಬಿಡು. ಅಳಿಯಂದ್ರು ಕಟ್ತಾರೆ.