ಕಂಪ್ಯೂಟರ್‌ನ್ಯಾಗ ಮನಿ ಖರೀದಿ

ನಾ ಎಲ್ಲಿ ಹೋದ್ರೂ ಒಂದಿಲ್ಲೊಂದು ಫಜೀತಿ ನನಗಂತನ ಕಾಯ್ಕೊಂಡು ಕೂತಿರ್ತದ್ರಿ. ಹೋದ ವರ್ಷದ ಕೆಲಸನೂ ಅಂಥಾದ್ದ. ಮನಿ, ಜಾಗಾ ಖರೀದಿ ಎಲ್ಲಾ ಕಂಪ್ಯೂಟರ್‌ನ್ಯಾಗ ಆಗಬೇಕು, ದೇಶಕ್ಕೆಲ್ಲ ಒಂದೇ ವ್ಯವಸ್ಥಾ ಬರಬೇಕು ಅಂತ ಸರಕಾರದಾಗ ವಿಚಾರ ನಡದಿತ್ತು. ಪುಣೆದಾಗ ಮಂದೀನ್ನ ಕೂಡಿಸಿ, ತಿಳಿಸಿ ಹೇಳಿ, ಅವರ ಅಭಿಪ್ರಾಯ ಬರಕೊಂಡು ಬರೋದು ನನ್ನ ಪಾಲಿಗೆ ಬಂತು.

ಆದ್ರ ನನ್ನ ಜೀವ ಅಲ್ಲಿ ಇರಲಿಲ್ಲ. ಪುಣೆದ ಕೊಂಢವಾ ಬಡಾವಣ್ಯಾಗ ನಾನೂ ಒಂದು ಸಣ್ಣ ಫ್ಲ್ಯಾಟು ಗೊತ್ತು ಮಾಡಿದ್ದೆ. ಈ ಕಡೆ ಬಾಡಿಗಿ ಮನಿ ಮಾಲಕ ಒಂದನೇ ತಾರೀಖಿಗೆ ಖಾಲಿ ಮಾಡ್ರಿ ಅಂದುಬಿಟ್ಟಿದ್ದ. ಆ ಕಡೆ ಫ್ಲ್ಯಾಟು ಮಾರೋ ಹಿರಿಯರು, ಖರೀದಿ ಪತ್ರದ ಮಾತು ತಗದ್ರ ಸಾಕು, "ಇವತ್ತು ಬೇಡ, ನಾಳೆ ನೋಡುವ" ಅಂತಿದ್ರು. ಸಭಾದಾಗ ಮಾತಾಡಕೋತ ನಾ ಫೋನ್ ನೋಡೋದು, ಫೋನ್ ಬಿಟ್ರ ತಾರೀಖು ಎಣಿಸೋದು. ನಿಂತಲ್ಲಿ ನಿಲ್ಲಲಿಕ್ಕಾಗವಲ್ದು, ಕೂತಲ್ಲಿ ಕೂಡಲಿಕ್ಕಾಗವಲ್ದು.

ಕಾಗದ ಬ್ಯಾಡ

ಮೊದಲನೇ ಸಭಾ, ಖರೀದಿ ಪತ್ರ ಬರದುಕೊಡೋ ಮಂದೀದು. ಇನ್ನ ಮ್ಯಾಲೆ ಕಾಗದನ ಬ್ಯಾಡ, ಎಲ್ಲಾ ಪರದೆ ಮ್ಯಾಲೆ ಅಂತ ಒಂದು ತಾಸು ಒದರಿದೆ. ಜಗಳಕ್ಕ ಬರ್ತಾರ ಅಂತ ಬಾಗಿಲ ಹತ್ರನ ನಿಂತಿದ್ದೆ. ಅವರೆಲ್ಲಾ ಗೋಣು ಹಾಕಿದ್ರು. "ಭಾಳ ಛಲೋ ಅದ್ರಿ. ನಮ್ಮದೆಲ್ಲರದೂ ಒಪ್ಪಿಗಿ ಅದ."

"ಹಂಗಾದ್ರ ಬರದು ಕೊಡ್ರಿ," ಅಂದೆ.

ಅಂದಿದ್ದ ತಪ್ಪಾತು. ಅವರೊಳಗಿನ ಹಿರಿಯರೊಬ್ರು ಚಷ್ಮಾ ಏರಿಸಿ, ಸ್ಟಾಂಪ್ ಪೇಪರ್ ತರಿಸಿದ್ರು. ಮೂರು ಪ್ರತಿ, ಒಬ್ಬೊಬ್ಬರದೂ ಫೋಟೋ, ಎಡಗೈ ಹೆಬ್ಬಟ್ಟು, ತಲಿಗೆ ಇಬ್ಬಿಬ್ರು ಸಾಕ್ಷಿ. ಸಾಕ್ಷಿ ಕಡಿಮಿ ಬಿದ್ರು, ನನ್ನೂ ಹಿಡದು ಕೂಡಿಸಿದ್ರು. ಕಾಗದ ಬ್ಯಾಡ ಅನ್ನೋ ಆ ಒಪ್ಪಿಗಿ ಮನಿಗೆ ಒಯ್ಯಲಿಕ್ಕೆ ನಾ ರಿಕ್ಷಾ ಮಾಡಬೇಕಾತು.

ಸಂಸ್ಕಾರ

ಪಿಂಪ್ರಿ-ಚಿಂಚವಾಡದಾಗ ಕಾರ್ಖಾನಿ ಕೆಲಸಗಾರರ ಕಾಲನಿ. ಬುಧವಾರ. ಸಭಾದಾಗ ಹೆಣ್ಣುಮಕ್ಕಳ ಹೆಚ್ಚು. "ಇಪ್ಪತ್ನಾಲ್ಕು ತಾಸೂ ನಡೀತದ" ಅಂತ ನಾ ಎದಿ ಉಬ್ಬಿಸಿ ಹೇಳಿದೆ. ಎಲ್ಲಾರ ಮಾರಿ ಬಾಡಿತು. ವಿಜಾಪುರ ಕಡೆಯ ಒಬ್ಬ ಅಕ್ಕಾರು ಎದ್ದು ನಿಂತ್ರು. "ಅಂದ್ರ ರಾಹುಕಾಲದಾಗೂ ಮನಿ ಬರದುಕೊಡ್ತದೇನ್ರಿ ನಿಮ್ಮ ಯಂತ್ರ? ನಮಗ ಬ್ಯಾಡವ್ವ!"

ಅಷ್ಟ್ರಾಗ ಪರದೆ ಬೆಳ್ಳಗಾತು. ಸರ್ವರ್ ಬಂದ್! ವೈರ್ ಕಿತ್ತೆ, ಹಚ್ಚಿದೆ, ಫೋನ್ ಮಾಡಿದೆ, ಏನೂ ಇಲ್ಲ.

ಆ ಅಕ್ಕಾರು ಗೋಡೆ ಮ್ಯಾಲಿನ ಕ್ಯಾಲೆಂಡರ್ ನೋಡಿದ್ರು. "ತಡೀರಿ, ತಡೀರಿ. ಇವತ್ತು ಬುಧವಾರ, ಈಗ ಹನ್ನೆರಡು. ರಾಹುಕಾಲ ಹತ್ತಿತು. ಅದಕ್ಕ ನಿಂತದ."

ಒಂದೂವರಿಗೆ, ರಾಹುಕಾಲ ಮುಗಿಯೋ ಹೊತ್ತಿಗೆ ಸರಿಯಾಗಿ, ಅದು ತಾನಾಗಿ ಶುರು ಆಗಬೇಕ? ಎಲ್ಲಾರೂ ಸಾಲಾಗಿ ಬಂದು ಒಪ್ಪಿಗಿ ಸಹಿ ಹಾಕಿದ್ರು. ಹೋಗಬೇಕಾದ್ರ ಅಕ್ಕಾರು, "ಕಂಪ್ಯೂಟರ್ ಆದ್ರೂ ಸಂಸ್ಕಾರ ಅದ ರೀ ಅದಕ್ಕ," ಅಂದ್ರು.

ಹೊಸ ಕಾಲದವ

ಮುಂದಿನ ಸಭಾದಾಗ ಬೆಂಗಳೂರು ಕಡೆಯ ಐಟಿ ಹುಡುಗ ಒಬ್ಬವ ನನ್ನ ಕೈ ಹಿಡದು ಕುಲುಕಿದ. "ಸರ್, ಸಖತ್ ಐಡಿಯಾ. ಎಲ್ಲಾ ಆನ್‌ಲೈನ್ ಆಗ್ಬೇಕು. ಈ ಕಾಲದಲ್ಲೂ ಪೇಪರ್ ಅಂದ್ರೆ ನಾಚಿಕೆ ಸರ್."

ನನಗ ಕಣ್ಣಾಗ ನೀರ ಬಂತು. "ಹಂಗಾದ್ರ ನಿಮ್ಮ ಅಭಿಪ್ರಾಯಕ್ಕ ಲಿಂಕ್ ಕಳಸ್ತೀನಿ."

"ಅಯ್ಯೋ, ಲಿಂಕ್ ಬೇಡ ಸರ್, ಓಟಿಪಿ ಎಲ್ಲಾ ಕೇಳುತ್ತೆ. ಪ್ರಿಂಟ್ ಕೊಡಿ, ಇಲ್ಲೇ ಬರ್ಕೊಡ್ತೀನಿ."

ನನ್ನ ಮನಿ

ತಿಂಗಳು ಮುಗೀಲಿಕ್ಕೆ ಎರಡ ದಿನ. ನನಗ ಫ್ಲ್ಯಾಟು ಮಾರೋ ಆ ಹಿರಿಯರು ಕರಾವಳಿ ಕಡೆಯವರು, ಪುಣೆದ ಕ್ಯಾಂಪ್ ಬಡಾವಣ್ಯಾಗ ಹೋಟೆಲ್ ನಡಸ್ತಾರ. ಕಡೀಗೆ ಒಪ್ಪಿದ್ರು, ಆದ್ರ ಒಂದು ಷರತ್ತು. "ಊರಿಗೆಲ್ಲ ಕಂಪ್ಯೂಟರ್ ಅಂತ ಭಾಷಣ ಮಾಡುದು ನೀವು. ನಮ್ಮದೂ ಅದರಲ್ಲೇ ಮಾಡುವ ಮಾರಾಯ್ರೆ. ನಾನು ಯಾವ ಆಫೀಸಿಗೂ ಬರುದಿಲ್ಲ."

ಪ್ರಯೋಗಕ್ಕಂತ ಒಂದಿಷ್ಟು ಮಂದಿಗೆ ಕಂಪ್ಯೂಟರ್‌ನ್ಯಾಗ ಖರೀದಿ ಮಾಡೋ ಅವಕಾಶ ಇತ್ತು. ಹೋಟೆಲಿನ ಅಡಿಗಿಮನಿ ಮಗ್ಗಲಕ ಲ್ಯಾಪ್‌ಟಾಪ್ ಇಟ್ಟೆ. ನಾ ನಕ್ಕೋತ ಕೂತೆ, ನನ್ನ ಫೋಟೋ ಸುಸೂತ್ರ ಆತು. ಅವರ ಸರದಿ ಬಂತು. ಮುಂದ ಕೂತದ್ದು ಫೋಟೋ ಅಲ್ಲ, ಜೀವಂತ ಮನಷ್ಯಾ ಅಂತ ಯಂತ್ರಕ್ಕ ಖಾತ್ರಿ ಆಗಬೇಕಲ್ಲ? "ಕಣ್ಣು ಮಿಟುಕಿಸಿ" ಅಂತ ಬಂತು.

ಇವರು ಹುಲಿ ನೋಡಿದಂಗ ನೋಡ್ತಾರ, ರೆಪ್ಪಿ ಅಲುಗಸವಲ್ರು.

"ಕಣ್ಣು ಮಿಟುಕಸ್ರಿ, ರಾಯರ."

"ಇಲ್ಲ! ಆಸ್ತಿ ಪತ್ರಕ್ಕೆ ರುಜು ಹಾಕುವಾಗ ಕಣ್ಣು ಬಿಟ್ಟು ಕೂತ್ಕೋ ಅಂತ ನಮ್ಮ ಅಪ್ಪ ಹೇಳಿದ್ದು. ನೀವು ಮುಚ್ಚು ಅಂತೀರಲ್ಲ, ಎಂತ ವ್ಯವಹಾರ ಇದು?"

"ಒಂದ ಕ್ಷಣರೀ!"

"ಆ ಕ್ಷಣದಲ್ಲಿ ಅದು ಎಂತ ಬೇಕಾದರೂ ಬರ್ಕೊಳ್ಳಬಹುದು."

ಎರಡು ಸಲ ಫೇಲ್. ಮೂರನೇದೂ ಹೋದ್ರ ವಾರಗಟ್ಟಲೆ ಬಂದ್. ಒಂದನೇ ತಾರೀಖಿಗೆ ನಾನು, ಹೆಂಡ್ತಿ, ಗ್ಯಾಸ್ ಸಿಲಿಂಡರ್ ಎಲ್ಲಾ ಬೀದಿಗೆ. ನಾ ಕೈ ಮುಗದೆ, ಗಲ್ಲ ಹಿಡದೆ. ಊಹೂಂ.

ಅಷ್ಟ್ರಾಗ ಒಳಗಿಂದ ಅವರ ಹೆಂಡ್ತಿ ಬಂದ್ರು. "ಮಾರ್ತೇನೆ ಅಂತ ಮಾತು ಕೊಟ್ಟದ್ದು ನೀವೇ ಅಲ್ವಾ? ಪಾಪ, ಅವರನ್ನು ಎಂತಕ್ಕೆ ಸತಾಯಿಸುದು?" ಅಂದವರ, ಆಗ ಕೊಯ್ದ ಉಳ್ಳಾಗಡ್ಡಿ ಗಂಡನ ಮೂಗಿನ ಕೆಳಗ ಹಿಡದ್ರು. ಕಣ್ಣು ಪಟಪಟ ಬಡಕೊಂಡ್ವು. ಟಿಣ್ ಅಂತು, ಫೋಟೋ ತಗೀತು, ಮನಿ ನಂದಾತು! ಖುಷಿಗೆ ನಾ ಅಲ್ಲೇ ಕುಣದುಬಿಟ್ಟೆ.

ಮರುದಿನ ಫ್ಲ್ಯಾಟು ನನ್ನ ಹೆಸರಿಗೆ ಬದಲಿ ಮಾಡಸಲಿಕ್ಕೆ ಆ ಕಟ್ಟಡದ ಸೊಸಾಯಿಟಿ ಆಫೀಸಿಗೆ ಹೋದೆ. ಸೆಕ್ರೆಟರಿ ಮೇಡಂ ನನ್ನ ಖರೀದಿ ಪತ್ರ ಪರದೆ ಮ್ಯಾಲೆ ತಗದ್ರು. ಎಡಕ್ಕ ಮಾರಿದವರ ಫೋಟೋ: ಕೆಂಪು ಕಣ್ಣು, ಗದ್ದದ ತನಕ ಕಣ್ಣೀರ ಧಾರಿ. ಬಲಕ್ಕ ಖರೀದಿ ಮಾಡಿದವಂದು: ನಾನು, ಮೂವತ್ತೆರಡೂ ಹಲ್ಲು ತಗದು ನಗಲಿಕ್ಕತ್ತೀನಿ.

ಮೇಡಂ ಪರದೆ ನೋಡಿದ್ರು, ನನ್ನ ನೋಡಿದ್ರು. ಎದ್ದು ಹೋಗಿ ವಾಚ್‌ಮನ್‌ನ ಕರದು ಬಾಗಿಲದಾಗ ನಿಲ್ಲಿಸಿದ್ರು. ಆಮ್ಯಾಲೆ ಮೆತ್ತಗ ಮರಾಠಿಯೊಳಗ ಕೇಳಿದ್ರು: "ಖರೇ ಹೇಳ್ರಿ, ಆ ಕಾಕಾನ್ನ ಎಲ್ಲಿ ಕೂಡಿ ಹಾಕೀರಿ?"